ಇಪ್ಪತ್ತೈದು ತಾಸು, ಎರಡು ನವಿಲು

ನನಗೊಂದು ಚಟ ಇದೆ. ಗಾಬರಿಯಾಗಬೇಡಿ, ಎಲೆಯಡಿಕೆಯದೂ ಅಲ್ಲ, ಇಸ್ಪೀಟಿನದೂ ಅಲ್ಲ. ಯಾವ ವಸ್ತು ಮನೆಗೆ ಬಂದರೂ ಅದು ಎಷ್ಟು ದಿನ ಬಂದೀತು ಎಂದು ಲೆಕ್ಕ ಹಾಕುವ ಚಟ. ಗ್ಯಾಸಿನ ಸಿಲಿಂಡರಿನ ಕೊರಳಿಗೆ ತಾರೀಖು ಬರೆದ ಚೀಟಿ ಕಟ್ಟುವವನು ನಾನೇ. ಹಲ್ಲುಜ್ಜುವ ಪೇಸ್ಟಿನ ಬಾಲ ಮಡಚುತ್ತ ಮಡಚುತ್ತ ಅದು ಹಬ್ಬ ದಾಟುತ್ತದೋ ಇಲ್ಲವೋ ಎಂದು ಚಿಂತಿಸುವವನೂ ನಾನೇ. ನನ್ನ ಹೆಂಡತಿ ಇದನ್ನು ಜಿಪುಣತನ ಎನ್ನುತ್ತಾಳೆ. ನಾನು ದೂರದೃಷ್ಟಿ ಎನ್ನುತ್ತೇನೆ. ಇಪ್ಪತ್ತು ವರ್ಷಗಳಿಂದ ಈ ವಾದ ಬಗೆಹರಿದಿಲ್ಲ.

ಮೊನ್ನೆ ಮಗಳು ಮೊಬೈಲು ಹಿಡಿದುಕೊಂಡು ಮುಖ ಊದಿಸಿಕೊಂಡು ಬಂದಳು. "ಅಪ್ಪಾ, ದಿನಕ್ಕ ಒಂದೂವರಿ ಜಿಬಿ ಕೊಡತಾರ. ಇನ್ನೂ ನಾಷ್ಟಾ ಆಗಿಲ್ಲ, ಅರ್ಧಾ ಮುಗದೈತಿ ನೋಡು. ಮದ್ಲ ಹಿಂಗ ಆಗತಿರಲಿಲ್ಲ. ಈಗ ಸ್ಪೀಡ್ ಜಾಸ್ತಿ ಮಾಡ್ಯಾರಂತ, ಅದಕ್ಕ ಲಗೂ ಮುಗೀತೈತೇನು?"

ಇಂಥ ಪ್ರಶ್ನೆ ಕೇಳಿದರೆ ನನಗೆ ಹಬ್ಬ. ಪತ್ರಿಕೆಯ ಅಂಚಿನಲ್ಲೇ ಲೆಕ್ಕ ಹಾಕಿದೆ. ಒಂದೂವರೆ ಜಿಬಿಯನ್ನು ಸೆಕೆಂಡಿಗೆ ಎರಡು ಮೆಗಾಬಿಟ್ ವೇಗದಲ್ಲಿ ಒಂದೇ ಸಮನೆ ಎಳೆದರೆ ಒಂದು ತಾಸು ನಲವತ್ತು ನಿಮಿಷ ಬರುತ್ತದೆ. ವೇಗ ಹತ್ತಾದರೆ ಇಪ್ಪತ್ತು ನಿಮಿಷ. ನೂರಾದರೆ ಎರಡೇ ನಿಮಿಷ. ಚಹಾ ಕುದಿಯುವಷ್ಟರಲ್ಲಿ ದಿನದ ಪಾಲು ಖಲಾಸ್. "ನೀ ನೋಡೂದು ಅದs ಇದ್ರ ಸ್ಪೀಡಿನಿಂದ ಏನೂ ಆಗೂದಿಲ್ಲವ್ವಾ. ಸ್ಪೀಡ್ ಬಂತಂತ ನೀ ಹೆಚ್ಚಿಗಿ ನೋಡಾಕತ್ತಿ, ಅದಕ್ಕ ಮುಗೀತೈತಿ" ಎಂದೆ. ಲೆಕ್ಕ ಕೇಳಲು ಬಂದವಳಿಗೆ ಬುದ್ಧಿವಾದ ಸಿಕ್ಕಿತು. ಆಕೆ ಹೊರಟುಹೋದಳು.

ನನ್ನ ಪೆನ್ನು ಮಾತ್ರ ನಿಲ್ಲಲಿಲ್ಲ. ಈ ಒಂದೂವರೆ ಜಿಬಿ ನನ್ನ ಹಳೆಯ ಮೋಡೆಮ್ಮಿನಲ್ಲಿ ಎಷ್ಟು ಹೊತ್ತು ಬರುತ್ತಿತ್ತು? ಅದರ ವೇಗ ನನಗೆ ಇನ್ನೂ ಬಾಯಿಪಾಠ: ಸೆಕೆಂಡಿಗೆ ಮೂವತ್ಮೂರು ಸಾವಿರದ ಆರು ನೂರು ಬಿಟ್. ಗುಣಿಸಿ ಭಾಗಿಸಿದರೆ ಹೆಚ್ಚು ಕಡಿಮೆ ನೂರು ತಾಸು ಬಂತು. ಸ್ನಾನ, ಊಟ, ನಿದ್ದೆ ಬಿಟ್ಟು ಕುಳಿತರೂ ನಾಲ್ಕು ಹಗಲು ನಾಲ್ಕು ರಾತ್ರಿ. ನೂರು ತಾಸು! ಆಗ ನಮ್ಮ ಹತ್ತಿರ ಇದ್ದದ್ದು ಇಪ್ಪತ್ತೈದು. ಆ ಇಪ್ಪತ್ತೈದು ತಾಸಿಗೆ ನಾನು ಏನೆಲ್ಲ ಮಾಡಿದೆ ಎಂದು ನೆನಪಾಗಿ, ಪೆನ್ನು ಕೆಳಗಿಟ್ಟೆ.

ಎರಡು ಸಾವಿರದ ಆಸುಪಾಸು. ಬೆಳಗಾವಿಯ ಶಹಾಪುರದ ಒಂದು ಓಣಿಯಲ್ಲಿ ಬಾಡಿಗೆ ಮನೆ. ಅವ್ವ, ತಂಗಿ ರತ್ನಾ, ನಾನು. ನನಗಿನ್ನೂ ಮದುವೆಯಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದೆ. ಬೆಳಗಾವಿಯಲ್ಲಿ ಒಂದು ಲಗ್ನಪತ್ರಿಕೆ ಎಂದರೆ ಸುಮ್ಮನೆ ಅಲ್ಲ. ಹೆಣ್ಣಿನ ಕಡೆಗೆ ಕನ್ನಡ, ಗಂಡಿನ ಕಡೆಗೆ ಮರಾಠಿ, ಆಫೀಸಿನವರಿಗೆ ಇಂಗ್ಲಿಷು. ಮೂರರಲ್ಲೂ ಸೋದರಮಾವಂದಿರ ಹೆಸರು ಬಿಡುವಂತಿಲ್ಲ. ಬಿಟ್ಟರೆ ಮದುವೆಯೇ ನಿಂತೀತು.

ತಪ್ಪು ಹಿಡಿಯುವ ಕೆಲಸ ರತ್ನಾಳದು. ಆಕೆಯಂಥ ಪ್ರೂಫ್ ನೋಡುವವರನ್ನು ನಾನು ಮತ್ತೆ ಕಾಣಲಿಲ್ಲ. ನಾಲ್ಕನೆಯ ವರ್ಷದಲ್ಲಿ ಬಂದ ಜ್ವರ ಆಕೆಯ ಕಿವಿಯನ್ನು ಪೂರ್ತಿ ತೆಗೆದುಕೊಂಡು ಹೋಗಿತ್ತು. ಓಣಿಯಲ್ಲಿ ಡೊಳ್ಳು ಬಡಿದರೂ ಕಣ್ಣು ಹಾಳೆಯಿಂದ ಅಲುಗುತ್ತಿರಲಿಲ್ಲ. ಊರಲ್ಲೇ ಇದ್ದ ಕಿವುಡ ಮಕ್ಕಳ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ್ದಳು. ನಾವೆಲ್ಲ ಮನೆಯಲ್ಲಿ 'ಬಾರs', 'ಹೋಗs' ಎಂದು ಮಾತಾಡುತ್ತಿದ್ದರೆ, ನಮ್ಮ ಮಾತನ್ನು ಕೇಳದೆ ಪುಸ್ತಕದಿಂದಲೇ ಕನ್ನಡ ಕಲಿತ ಆಕೆ ಚೀಟಿಯಲ್ಲಿ, "ಅಣ್ಣ, ನೀವು ಊಟ ಮಾಡುವಿರಾ?" ಎಂದು ಬರೆಯುತ್ತಿದ್ದಳು. ಚೀಟಿ ಓದಿದಾಗಲೆಲ್ಲ ನನ್ನ ಮನೆಗೆ ಯಾರೋ ಹೆಡ್ ಮಾಸ್ತರು ಬಂದಿದ್ದಾರೆ ಅನ್ನಿಸುತ್ತಿತ್ತು.

ಪತ್ರಿಕೆ ಅಚ್ಚಾಗುತ್ತಿದ್ದದ್ದು ಕೊಲ್ಹಾಪುರದಲ್ಲಿ. ಮೊದಲು ಬಸ್ಸಿನ ಕಂಡಕ್ಟರನ ಕೈಯಲ್ಲಿ ಫ್ಲಾಪಿ ಕೊಟ್ಟು ಕಳಿಸುತ್ತಿದ್ದೆ. ಅದು ಬಿಸಿಲಿಗೋ ಕಂಡಕ್ಟರನ ಜೇಬಿನ ಸುಣ್ಣದ ಡಬ್ಬಿಗೋ ಕೆಟ್ಟು ಹೋಗುತ್ತಿತ್ತು. ಹಾಗಾಗಿ ಧೈರ್ಯ ಮಾಡಿ ಇಂಟರ್ನೆಟ್ ತೆಗೆದುಕೊಂಡೆ. ಮೂರು ತಿಂಗಳಲ್ಲಿ ಬಳಸಬೇಕಾದ ಇಪ್ಪತ್ತೈದು ತಾಸಿನ ಪ್ಯಾಕು. ಈಗಿನ ಹಾಗೆ ಎಷ್ಟು ಎಳೆದುಕೊಂಡಿರಿ ಎಂದು ಅಳೆಯುತ್ತಿರಲಿಲ್ಲ. ಎಷ್ಟು ಹೊತ್ತು ಕುಳಿತಿರಿ ಎಂದು ಅಳೆಯುತ್ತಿದ್ದರು. ಒಳಗೆ ಹೋಗಿ ಕಣ್ಣುಮುಚ್ಚಿ ಕುಳಿತರೂ ತಾಸು ಕಳೆಯುತ್ತಿತ್ತು. ವೇಗ ಹೆಚ್ಚಿದ್ದರೆ ಅದೇ ತಾಸಿನಲ್ಲಿ ಹೆಚ್ಚು ಕೆಲಸ, ಕಡಿಮೆಯಿದ್ದರೆ ಕಡಿಮೆ. ಒಳ್ಳೆಯ ದಿನ ಮೂವತ್ಮೂರು ಸಾವಿರ, ಸಾಧಾರಣ ದಿನ ಇಪ್ಪತ್ತೆಂಟು, ಮಳೆ ಹಿಡಿದರೆ ಹತ್ತೊಂಬತ್ತು. ಬೆಳಗಾವಿಯಲ್ಲಿ ಮಳೆ ಹಿಡಿದರೆ ಬಿಡುವುದು ಯಾವಾಗ, ನಿಮಗೆ ಗೊತ್ತು.

ಇಂಥ ಭಾಗ್ಯ ನನ್ನ ಕೈಗೆ ಬಂದರೆ ಬಿಡುತ್ತೇನೆಯೆ? ಉದ್ದನೆಯ ರಿಜಿಸ್ಟರ್ ತಂದು ಗೆರೆ ಹೊಡೆದೆ. ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ, ವೇಗ, ಷರಾ. ಇಪ್ಪತ್ತೈದನ್ನು ತೊಂಬತ್ತರಿಂದ ಭಾಗಿಸಿ ದಿನಕ್ಕೆ ಹದಿನಾರು ನಿಮಿಷ ನಲವತ್ತು ಸೆಕೆಂಡು ಎಂದು ಗೋಡೆಗೆ ಅಂಟಿಸಿದೆ.

ಈ ಲೆಕ್ಕದ ಬುದ್ಧಿ ನನಗೆ ಬಂದದ್ದು ಯಲ್ಲಪ್ಪ ಕಾಕಾನಿಂದ ಎಂದು ಅವ್ವ ಹೇಳುತ್ತಿದ್ದಳು. ಕಾಕಾ ಎಂದರೆ ಅಪ್ಪನ ತಮ್ಮ. ಹಲಸಿಯ ಹತ್ತಿರದ ನಮ್ಮ ಊರಲ್ಲಿ ಕುರಿ, ಆಡು ಮೇಯಿಸಿಕೊಂಡು ಇದ್ದವನು. ಅಪ್ಪ ನೌಕರಿ ಹಿಡಿದು ಶಹರಕ್ಕೆ ಬಂದ; ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯ ಎಂದರೆ ಕಾಕಾನೇ. ಚಿಕ್ಕವನಿದ್ದಾಗ ರಜೆಗೆ ಹೋದರೆ ನನ್ನನ್ನು ಕುರಿಯ ಹಿಂದೆ ಕರೆದುಕೊಂಡು ಹೋಗುತ್ತಿದ್ದ. ಒಂದು ದಿನ್ನೆಯ ಹುಲ್ಲು ಎಷ್ಟು ದಿನ ಬಂದೀತು ಎಂದು ದೂರದಿಂದ ನೋಡಿಯೇ ಹೇಳುತ್ತಿದ್ದ. "ಓಡಿಸಿದ್ರ ತಿನ್ನೂದಕ್ಕಿಂತ ತುಳಿಯೂದ ಜಾಸ್ತಿ. ನಿಂದರಿಸಿದ್ರ ಬೇರ ಸುದ್ದಾ ಕಿತ್ತ ತಿಂತಾವ. ಅದಕ್ಕ ಒಂದ ನಡಿಗಿ ಇರತೈತಿ ತಮ್ಮಾ. ಆ ನಡಿಗಿ ಸಿಕ್ರ ಹುಲ್ಲ ತಾಳಕಿ ಬರತೈತಿ" ಎನ್ನುತ್ತಿದ್ದ. ಮೋಡೆಮ್ಮಿನ ವಿಷಯ ಎಲ್ಲರಿಗಿಂತ ಬೇಗ ತಿಳಿದದ್ದೂ ಅವನಿಗೇ. ಒಮ್ಮೆ ಮನೆಗೆ ಬಂದಾಗ, ಕೀಂಯ್, ಕರಕರ, ಬುಸ್ ಎಂದು ಅದು ಕೂಗುವುದನ್ನು ತಲೆ ಓರೆ ಮಾಡಿ ಕೇಳಿ, "ಮಳ್ಯಾಗ ದಾರಿ ಕೆಸರ ಆಗತೈತಿ, ಚಕ್ಕಡಿ ಸಾವಕಾಶ ಹೋಗತೈತಿ. ಅಷ್ಟ ಹೌದಿಲ್ಲೊ?" ಎಂದ. ಅಷ್ಟೇ ಹೌದು.

ಮೊದಲ ತಿಂಗಳು ಲೆಕ್ಕ ಸರಿಯಾಗಿತ್ತು. ಎರಡನೆಯ ತಿಂಗಳಿಗೆ ತಾಸುಗಳು ಸೋರತೊಡಗಿದವು. ನಾನು ಇಪ್ಪತ್ತು ನಿಮಿಷ ಬಳಸಿದ ದಿನ ಒಂದು ತಾಸು ಇಪ್ಪತ್ತು ನಿಮಿಷ ಕಳೆದಿರುತ್ತಿತ್ತು. ಇಲಿ ಹೊಕ್ಕಿದೆ ಎಂದು ನೋಡಲು ಹೊರಟೆ, ಸಿಕ್ಕವಳು ರತ್ನಾ.

ಸಂಜೆ ಆರಕ್ಕೆ ನಾನು ಪ್ರೂಫು ಹಿಡಿದು ಗಿರಾಕಿಗಳ ಮನೆಗೆ ಹೋಗುತ್ತಿದ್ದೆನಲ್ಲ, ಆ ಹೊತ್ತಿಗೆ ಆಕೆ ಚಾಟ್ ತೆರೆದು ಕೂರುತ್ತಿದ್ದಳು. ಆ ಕಡೆ ಮಾದೇವ. ಆಕೆಯ ಶಾಲೆಯಲ್ಲೇ ಎರಡು ತರಗತಿ ಮುಂದಿದ್ದ ಹುಡುಗ, ಆಕೆಯ ಹಾಗೆಯೇ ಕಿವಿ ಕೇಳದವನು. ಖಾನಾಪುರದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಬಡಿಗತನ ಮಾಡುತ್ತಿದ್ದ. ಕೆಲಸ ಬಿಟ್ಟ ಮೇಲೆ ಅಲ್ಲಿಯ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಒಂದು ತಾಸು ಕೂರುತ್ತಿದ್ದನಂತೆ.

ಇದೆಲ್ಲ ಆಕೆ ಮುಚ್ಚಿಡದೆ ಬರೆದು ತಿಳಿಸಿದಳು. ಕಡೆಯ ಸಾಲು: "ನಾವು ಮದುವೆಯಾಗಲು ಇಚ್ಛಿಸುತ್ತೇವೆ."

ನನಗೆ ಸಿಟ್ಟು ಬಂದದ್ದು ಮದುವೆಯ ಮಾತಿಗಲ್ಲ ಎಂದರೆ ನೀವು ನಂಬಬೇಕು. ಅವರ ಚಾಟಿನ ನಕಲು ಕಂಪ್ಯೂಟರಿನಲ್ಲೇ ಇತ್ತು. ತಂಗಿಯದನ್ನು ಓದಬಾರದಿತ್ತು, ಓದಿದೆ. ಅದರಲ್ಲಿ ಇದ್ದದ್ದಾದರೂ ಏನು? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. 'ಬಂದೆಯಾ?' 'ಬಂದೆ.' 'ಊಟ?' 'ಇನ್ನೂ ಇಲ್ಲ.' 'ಇಂದು ಬಾಗಿಲು ಮಾಡಿದೆ.' ಅಲ್ಲಿಂದ ಮುಂದೆ ನಲವತ್ತೈದು ನಿಮಿಷ ಏನೂ ಇಲ್ಲ. ಒಂದಕ್ಷರವಿಲ್ಲ. ಕೊನೆಗೆ, 'ಹೋಗಿ ಬರುತ್ತೇನೆ.' 'ಆಗಲಿ.' ಎಲ್ಲ ದಿನವೂ ಹೀಗೆಯೇ.

ನಲವತ್ತೈದು ನಿಮಿಷ! ನಾನು ಕೂಗಾಡಿದೆ. ಕಿವಿ ಕೇಳದ ಹುಡುಗಿಯ ಮುಂದೆ ಓಣಿಯ ಆಚೆ ಕೇಳುವಂತೆ ಕೂಗಾಡಿದೆ. ಪಕ್ಕದ ಮನೆಯವರು ಕಿಟಕಿ ತೆರೆದರು. ರತ್ನಾ ನನ್ನ ಬಾಯಿಯನ್ನೇ ನೋಡುತ್ತ ನಿಂತು, ಮುಗಿದ ಮೇಲೆ ಪೆನ್ಸಿಲು ಕೊಟ್ಟಳು. ನಾನು ಹಲ್ಲು ಕಚ್ಚಿ ಬರೆದೆ: "ಮಾತಾಡದೆ ಇಷ್ಟು ಹೊತ್ತು ಏನು ಮಾಡುತ್ತಿದ್ದೆ?"

ಆಕೆ ಕೆಳಗೆ ಬರೆದಳು: "ಅವರು ಅಲ್ಲಿ ಕುಳಿತಿದ್ದರು. ನಾನು ಇಲ್ಲಿ ಕುಳಿತಿದ್ದೆ."

ನಾನು ಸುಮ್ಮನಾಗಲಿಲ್ಲ. "ಸುಮ್ಮನೆ ಕುಳಿತರೂ ತಾಸು ಖರ್ಚಾಗುತ್ತದೆ" ಎಂದು ಬರೆದು ಅಡಿಗೆರೆ ಎಳೆದೆ.

"ಪರದೆಯಲ್ಲಿ ಅವರ ಹೆಸರು ಬೆಳಗಿರುವಾಗ ಅವರು ಇದ್ದಾರೆಂದು ನನಗೆ ತಿಳಿಯುತ್ತದೆ. ನೀವೂ ಅವ್ವನೂ ಸಂಜೆ ಕಟ್ಟೆಯ ಮೇಲೆ ಕುಳಿತಾಗ ಯಾವಾಗಲೂ ಮಾತಾಡುತ್ತಲೇ ಇರುವಿರಾ?"

ಉತ್ತರ ಹೊಳೆಯದಿದ್ದಾಗ ಅಣ್ಣಂದಿರು ಏನು ಮಾಡುತ್ತಾರೆ? ನಿಯಮ ಮಾಡುತ್ತಾರೆ. ದಿನಕ್ಕೆ ಇಪ್ಪತ್ತೇ ನಿಮಿಷ. ಹೇಳುವುದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಒಳಗೆ ಹೋಗುವುದು. ಹೊತ್ತು ತಪ್ಪಬಾರದೆಂದು ಆಕೆಯ ಬಾಜು ಒಂದು ಅಲಾರಾಂ ಗಡಿಯಾರವನ್ನೂ ಇಟ್ಟೆ. ಹೌದು, ಅಲಾರಾಂ. ನಗುವವರು ನಗಬಹುದು. ಮೊದಲ ಸಂಜೆ ಅದು ಬಡಿದೂ ಬಡಿದೂ ಕೀಲಿ ಸತ್ತು ನಿಂತಿತು, ಅವ್ವ ಒಳಗಿನಿಂದ ಓಡಿಬಂದಳು, ರತ್ನಾ ಪರದೆಯ ಮುಂದೆ ಹಾಯಾಗಿದ್ದಳು. ಮರುದಿನದಿಂದ ನಾನೇ ನಿಂತು ಲೈಟಿನ ಬಟನ್ನು ಟಕಟಕ ಒತ್ತಿ ಎಬ್ಬಿಸತೊಡಗಿದೆ.

ಮದುವೆಯ ಮಾತಿಗೆ ಅವ್ವ ಒಲ್ಲೆ ಎಂದಳು. ಅವ್ವನದು ದುಷ್ಟತನವಲ್ಲ, ಅಂಜಿಕೆ. "ಇಬ್ರಿಗೂ ಕೇಳಸಲಿಲ್ಲಂದ್ರ ಸಂಸಾರ ಹೆಂಗ ಆಗಬೇಕ? ಬಾಗಲಾ ಬಡದ್ರ ಯಾರ ತಗೀಬೇಕ? ನಾಳಿ ಕೂಸ ಅತ್ರ ಯಾರಿಗಿ ಕೇಳಬೇಕಪಾ? ಒಬ್ಬರಿಗರ ಕಿವಿ ಇರಲಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಕಾಕದ ಕಡೆಯ ಒಬ್ಬ ವರ ನೋಡಿದ್ದಳು. ಮೊದಲ ಹೆಂಡತಿ ತೀರಿಕೊಂಡಿದ್ದಳು. ಕಿವಿ ಎರಡೂ ಗಟ್ಟಿ. ಗುರುವಾರ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ನನಗೂ ಒಳಗೊಳಗೆ ಅವ್ವನ ಮಾತೇ ಸರಿ ಅನ್ನಿಸಿತ್ತು. ಆದರೂ ದೊಡ್ಡ ಮನಸ್ಸು ಮಾಡಿದವನ ಹಾಗೆ ರತ್ನಾಳಿಗೆ ಬರೆದುಕೊಟ್ಟೆ: ಮಾದೇವನ ತಾಯಿ ಒಪ್ಪಿ, ಗುರುವಾರದೊಳಗೆ ಅವರ ಕಡೆಯಿಂದ ಮಾತು ಬಂದರೆ ಗೋಕಾಕದವರಿಗೆ ಬೇಡವೆಂದು ಹೇಳೋಣ. ರತ್ನಾ ಅದನ್ನು ಅವನಿಗೆ ತಿಳಿಸಿದಳು. ಭಾನುವಾರ ತಾಯಿಯನ್ನು ಕೇಳುತ್ತೇನೆ, ಸೋಮವಾರ ಸಂಜೆ ಆರಕ್ಕೆ ಹೇಳುತ್ತೇನೆ ಎಂದು ಅವನು ಬರೆದ.

ಸೋಮವಾರ ಬೆಳಿಗ್ಗೆ ರಿಜಿಸ್ಟರ್ ಪ್ರಕಾರ ಎರಡು ತಾಸು ಉಳಿದಿತ್ತು.

ಆ ದಿನ ಕ್ಯಾಂಪ್ ಬಡಾವಣೆಯಿಂದ ಒಬ್ಬ ನಿವೃತ್ತ ಸುಬೇದಾರರು ಬಂದರು. ಮಗಳ ಲಗ್ನಪತ್ರಿಕೆ. ಎದೆಯುಬ್ಬಿಸಿ ಕುರ್ಚಿಯ ತುದಿಯಲ್ಲಿ ಕುಳಿತು, "ಗಣಪತಿ ಎಲ್ಲಾರೂ ಹಾಕಸ್ತಾರ್ರೀ. ನಮಗ ನವಿಲ ಬೇಕು. ಎರಡ ನವಿಲ, ಎದರಾಬದರ. ಪುಚ್ಚ ಒಂದೊಂದೂ ಎಣಿಸಾಕ ಬರಬೇಕ ನೋಡ್ರಿ" ಎಂದರು. ಚಿತ್ರವನ್ನೂ ತಂದಿದ್ದರು. ಸ್ಕ್ಯಾನ್ ಮಾಡಿದೆ. ಗರಿ ಎಣಿಸಲು ಬರಬೇಕೆಂದು ದೊಡ್ಡದಾಗಿಯೇ ಮಾಡಿದೆ. ಕಡತ ಏಳು ಎಂಬಿ ಆಯಿತು. ಕೊಲ್ಹಾಪುರಕ್ಕೆ ಅವತ್ತೇ ಹೋಗಬೇಕು.

ಬೆಳಗಾವಿಯಿಂದ ಎರಡು ನವಿಲು ಹೊರಟವು. ಮಳೆ ಸುರಿಯುತ್ತಿತ್ತು, ವೇಗ ಹತ್ತೊಂಬತ್ತು. ಮುಕ್ಕಾಲು ಪಾಲು ಹೋದ ಮೇಲೆ ಲೈನು ಕಡಿಯಿತು. ಮುಕ್ಕಾಲು ಹೋದ ನವಿಲು ಅಲ್ಲೇ ಕಾಯುವುದಿಲ್ಲ, ಮತ್ತೆ ಕೊಕ್ಕಿನಿಂದಲೇ ಹೊರಡಬೇಕು. ಎರಡನೆಯ ಸಲ ಅರ್ಧಕ್ಕೆ ಕಡಿಯಿತು. ಮೂರನೆಯ ಸಲಕ್ಕೆ ನವಿಲುಗಳು ಕೊಲ್ಹಾಪುರ ಮುಟ್ಟಿದವು. ನಾನು ಬೆವರು ಒರೆಸಿಕೊಂಡು ವಿಜಯಿಯಂತೆ ಚಹಾ ಕುಡಿಯಲು ಹೋದೆ. ಇಷ್ಟೊಂದು ಲೆಕ್ಕ ಹಾಕುವ ನಾನು, ಅವತ್ತೊಂದು ದಿನ ರಿಜಿಸ್ಟರ್ ಬರೆಯಲಿಲ್ಲ.

ಸಂಜೆ ಆರಕ್ಕೆ ರತ್ನಾ ತಲೆ ಬಾಚಿಕೊಂಡು ಬಂದು ಕುಳಿತಳು. ಅವನಿಗೆ ಕಾಣದು ಎಂದು ಗೊತ್ತಿದ್ದೂ ಬಾಚಿಕೊಂಡಿದ್ದಳು. ಮೋಡೆಮ್ ಕೂಗಿತು, ಕರಕರ ಎಂದಿತು, ನಿಂತಿತು. ನಿಮ್ಮ ಅವಧಿ ಮುಗಿದಿದೆ ಎಂದು ಪರದೆಯ ಮೇಲೆ ಬಂತು. ಆಕೆ ಮತ್ತೆ ಮಾಡಿದಳು. ಮತ್ತೆ. ನಾಲ್ಕನೆಯ ಸಲ ನನ್ನ ಕಡೆ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ, ರಿಜಿಸ್ಟರ್ ತೆಗೆದು ಆ ದಿನದ ಖಾಲಿ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು. ಪ್ರೂಫಿನಲ್ಲಿ ತಪ್ಪು ತೋರಿಸುವಾಗ ಇಡುತ್ತಿದ್ದಳಲ್ಲ, ಹಾಗೆಯೇ.

ಮಂಗಳವಾರ ರಜೆ, ಪ್ಯಾಕು ಮಾರುವ ಕಚೇರಿ ಮುಚ್ಚಿತ್ತು. ಬುಧವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಸ್ಟಾಕ್ ಇಲ್ಲ, ಶುಕ್ರವಾರ ಬರ್ರಿ ಎಂದರು. ಗುರುವಾರ ಗೋಕಾಕದವರು! ಫೋನ್ ಮಾಡೋಣವೆಂದರೆ ಯಾರಿಗೆ ಮಾಡುವುದು? ಕಾಗದ ಹಾಕಿದರೆ ಮುಟ್ಟುವುದು ಯಾವಾಗ? ಒದ್ದೆಯಾಗಿ ಮನೆಗೆ ಬಂದರೆ ಕಟ್ಟೆಯ ಮೇಲೆ ಯಲ್ಲಪ್ಪ ಕಾಕಾ ಕಂಬಳಿ ಹೊದ್ದು ಕುಳಿತಿದ್ದ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹಿರಿಯ ಬೇಕೆಂದು ಅವ್ವ ಕರೆಸಿದ್ದಳು. ಎಲ್ಲವನ್ನೂ ಹೇಳಿದೆ. ತಾಸು, ವೇಗ, ನವಿಲು, ಶುಕ್ರವಾರ. ಕಾಕಾ ಪೂರ್ತಿ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹುಡುಗ ಇರೂದ ಎಲ್ಲಿ?"

"ಖಾನಾಪುರದಾಗ."

"ಖಾನಾಪುರಕ್ಕ ಬಸ್ ಬಂದ ಮಾಡ್ಯಾರೇನು?"

ಖಾನಾಪುರ ಒಂದು ತಾಸಿನ ದಾರಿ. ಕೋಟೆಯ ಹತ್ತಿರ ನಿಂತರೆ ಕೈ ಮಾಡಿದ ಬಸ್ಸೆಲ್ಲ ಅಲ್ಲಿಗೇ ಹೋಗುತ್ತದೆ. ಎರಡೂವರೆ ತಿಂಗಳು ನಿಮಿಷ ಎಣಿಸಿದ ನನಗೆ ಆ ಕೆಂಪು ಬಸ್ಸು ಒಮ್ಮೆಯೂ ನೆನಪಾಗಿರಲಿಲ್ಲ.

ಅವ್ವ ಒಳಗಿನಿಂದ ಬಂದಳು. "ಏ ಮೈದನ, ತಿಳದೈತಿಲ್ಲೊ ನಿನಗ? ಗಂಡಿನ ಮನಿಗೆ ಹೆಣ್ಣ ಎದ್ದ ಹೋಗೂದ ಎಲ್ಲ್ಯರ ಐತೇನ? ನಾಕ ಮಂದಿ ಏನ ಅಂದಾರು?"

"ಗಂಡಿನ ಮನಿಗೆ ಯಾರ ಹೊಂಟಾರ ವೈನಿ?" ಕಾಕಾ ಕಂಬಳಿ ಕೊಡವಿದ. "ಕಟಗಿ ಅಡ್ಡಾಕ್ಕ ಹೊಂಟೇವಿ. ಇವನ ಕಂಪ್ಯೂಟರಿಗಿ ಒಂದ ಮೇಜ ಮಾಡಸೂದೈತಿ. ಮೇಜಿನ ಅಳತಿ ರತ್ನವ್ವಗs ಗೊತ್ತ. ಹೌದಿಲ್ಲೊ ತಮ್ಮಾ?"

"ಹೌದ್ರಿ" ಎಂದೆ. ಖರೇ ಹೇಳಬೇಕೆಂದರೆ ಮೇಜು ಬೇಕೂ ಆಗಿತ್ತು.

ಅವ್ವ ಬಾಗಿಲಲ್ಲಿ ನಿಂತು ರತ್ನಾಳ ಮುಖ ನೋಡಿದಳು. ಆಮೇಲೆ, "ಹೋಗೂದ ಹೊಂಟಿ, ಆ ಹುಡುಗನ್ನ ಒಂದ ಮಾತ ಕೇಳ. ಕೂಸ ಅತ್ರ ಏನ ಮಾಡತಾನಂತ ಕೇಳ" ಎಂದು ಒಳಗೆ ಹೋದಳು.

ಖಾನಾಪುರದ ಅಡ್ಡೆಯಲ್ಲಿ ಗರಗಸದ ಸಪ್ಪಳಕ್ಕೆ ನನ್ನ ತಲೆಯೇ ಸೀಳಿದಂತಾಯಿತು. ಮಾಲೀಕರು ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು, "ಮಾದೇವ ಏನ್ರಿ? ಎರಡ ದಿನಾ ಆತು, ಸಂಜಿಕೆ ಹೋಗಿ ಆ ಕಂಪ್ಯೂಟರ ಮುಂದ ಕುಂದರತಾನ. ಅಕಿ ಹೆಸರ ಬರವಲ್ದಂತ. ಊಟಾನೂ ಸರಿ ಮಾಡವಲ್ಲ. ತಿಳೀವಲ್ದು ನಮಗ." ಹಿಂದಿನ ಶೆಡ್ಡಿನಲ್ಲಿ ಒಬ್ಬ ತೆಳ್ಳನೆಯ ಹುಡುಗ ಬಗ್ಗಿ ಹಲಗೆಗೆ ಉಜ್ಜುಗೊರಡು ಹಿಡಿಯುತ್ತಿದ್ದ. ಬೆನ್ನು ನಮ್ಮ ಕಡೆಗಿತ್ತು. ಕರೆದು ಪ್ರಯೋಜನವಿಲ್ಲ. ರತ್ನಾ ಮುಂದೆ ಹೋಗಿ ಹಲಗೆಯ ಈ ತುದಿಯನ್ನು ಎರಡು ಸಲ ತಟ್ಟಿದಳು. ಕೈಯಲ್ಲಿ ಅದುರುವಿಕೆ ತಿಳಿದು ಅವನು ತಲೆ ಎತ್ತಿದ.

ಆಮೇಲೆ ನಡೆದದ್ದನ್ನು ನಾನು ಹೇಗೆ ಹೇಳಲಿ? ಅವರು ಮಾತಾಡಿದರು. ನಾಲ್ಕು ಕೈ, ಇಪ್ಪತ್ತು ಬೆರಳು, ಹುಬ್ಬು, ಭುಜ ಎಲ್ಲ ಒಟ್ಟಿಗೆ. ಅಷ್ಟು ವೇಗದ ಮಾತನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಕೆ ಹೇಳಿ ಮುಗಿಸುವ ಮೊದಲೇ ಅವನಿಗೆ ತಿಳಿಯುತ್ತಿತ್ತು; ಅವನು ನಡುವೆ ಬಾಯಿ ಹಾಕಿದರೆ, ಅಲ್ಲ, ಕೈ ಹಾಕಿದರೆ, ಆಕೆ ಅದನ್ನು ತಳ್ಳಿ ತನ್ನದನ್ನೇ ಮುಂದುವರಿಸುತ್ತಿದ್ದಳು. ಜಗಳವಾಡಿದರು. ಆಕೆ ನವಿಲಿನ ಕಥೆ ಹೇಳಿದ್ದು ನನಗೂ ತಿಳಿಯಿತು, ಯಾಕೆಂದರೆ ಇಬ್ಬರೂ ಒಮ್ಮೆಲೇ ತಿರುಗಿ ನನ್ನನ್ನು ನೋಡಿ ನಕ್ಕರು. ನಮ್ಮ ರತ್ನಾ ಹರಟೆಮಲ್ಲಿ! ನಮ್ಮ ಮನೆಯಲ್ಲಿ ಮೂಲೆಯಲ್ಲಿ ಕುಳಿತು ಪ್ರೂಫು ನೋಡುವ ಆ ಶಾಂತ ಹುಡುಗಿ ಅಣಕಿಸುತ್ತಾಳೆ, ಚೇಷ್ಟೆ ಮಾಡುತ್ತಾಳೆ, ಒಬ್ಬರ ಮಾತನ್ನು ಅರ್ಧಕ್ಕೇ ಕಡಿಯುತ್ತಾಳೆ. ನಾನು ಕಂಬಕ್ಕೆ ಒರಗಿ ನಿಂತು ನೋಡಿದೆ. ನನ್ನ ತಂಗಿಯ ಪರಿಚಯ ನನಗೆ ಅವತ್ತು ಆಯಿತು.

ಅವನ ತಾಯಿ ಭಾನುವಾರವೇ ಒಪ್ಪಿದ್ದರು. ಸೋಮವಾರ ಆರಕ್ಕೆ ಹೇಳಲು ಕಾದು ಕುಳಿತಿದ್ದನಂತೆ. ಗುರುವಾರದ ಗಡುವು ಹತ್ತಿರವಾದರೂ ಆಕೆಯ ಹೆಸರು ಬೆಳಗಲಿಲ್ಲ. ಅಲ್ಲಿಗೆ ಮುಗಿಯಿತು, ಗೋಕಾಕದವರಿಗೆ ಒಪ್ಪಿಕೊಂಡಳು ಎಂದು ಬಗೆದಿದ್ದ.

ಕಾಕಾ ಅವ್ವನ ಪ್ರಶ್ನೆ ಬರೆದು ಕೊಡಲು ನನಗೆ ಹೇಳಿದ. ಬರೆದುಕೊಟ್ಟೆ: "ಮಗು ಅತ್ತರೆ ಏನು ಮಾಡುವಿರಿ?" ನನಗೂ ಪುಸ್ತಕದ ಕನ್ನಡವೇ ಬಂದಿತ್ತು. ಮಾದೇವ ಕಿವಿಯ ಮೇಲಿನ ಬಡಿಗನ ಪೆನ್ಸಿಲು ತೆಗೆದು, ಉಜ್ಜಿದ ಹಲಗೆಯ ಮೇಲೆಯೇ ಬರೆದ: "ತೊಟ್ಟಿಲಿನ ಹಗ್ಗವನ್ನು ಕೈಗೆ ಕಟ್ಟಿಕೊಳ್ಳುತ್ತೇವೆ. ಮಗು ಒದ್ದರೆ ತಿಳಿಯುತ್ತದೆ. ಅಳುವ ಮೊದಲು ಒದೆಯುತ್ತದೆ." ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದ: "ಒಂದು ದಿನ ನಾನು, ಒಂದು ದಿನ ಅವಳು."

ಕಾಕಾನಿಗೆ ಓದಲು ಬಾರದು. ನಾನು ಓದಿ ಹೇಳಿದೆ. ಅವನು ಕಂಬಳಿಯ ಅಂಚಿನಿಂದ ಮೂಗು ಒರೆಸಿಕೊಂಡು, "ನಿಮ್ಮವ್ವ ಕಾಲ ಹೆಬ್ಬಟ್ಟಿಗೆ ಹಗ್ಗಾ ಕಟಗೊಂಡs ನಿನ್ನ ತೂಗ್ಯಾಳ, ರೊಟ್ಟಿ ಬಡಕೋತ. ಅಕಿಗೂ ಆವಾಗ ಕಿವಿ ಎಲ್ಲಿದ್ವು, ರೊಟ್ಟಿ ಸಪ್ಪಳದಾಗ?" ಎಂದ. ಆ ಹಲಗೆಯನ್ನು ಅವ್ವನಿಗೆ ತೋರಿಸಬೇಕೆಂದು ಬಗಲಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದ. ಕಂಡಕ್ಟರ್ ಲಗೇಜು ಟಿಕೀಟು ತೆಗೆಯಿರಿ ಎಂದು ಜಗಳ ತೆಗೆದದ್ದು ಬೇರೆ ಕಥೆ. ಅವ್ವ ಹಲಗೆಯನ್ನು ಎರಡು ಸಲ ಓದಿಸಿಕೊಂಡಳು, ಗೋಕಾಕಕ್ಕೆ ಬೇಡವೆಂದು ಹೇಳಿ ಕಳಿಸಿದಳು ಎಂದು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕಾಯಿಸುವುದು ಬೇಡ.

ನಾನು ಹೇಳಬೇಕೆಂದದ್ದು ಆ ಬಸ್ಸಿನದು. ಕಾಕಾ ಮುಂದಿನ ಸೀಟಿನಲ್ಲಿ ಹಲಗೆ ತಬ್ಬಿಕೊಂಡು ತೂಕಡಿಸುತ್ತಿದ್ದ. ರತ್ನಾ ಕಿಟಕಿಯ ಬಾಜು, ನಾನು ಪಕ್ಕದಲ್ಲಿ. ಸಂತೋಷದಲ್ಲಿದ್ದಳು, ಮೈಮರೆತಿದ್ದಳು. ನನ್ನ ಕಡೆ ತಿರುಗಿ ಏನನ್ನೋ ಕೈಯಲ್ಲಿ ಹೇಳಿದಳು, ಮಾದೇವನಿಗೆ ಹೇಳಿದ ವೇಗದಲ್ಲಿ. ನಾನು ಪೆಕರನಂತೆ ನೋಡಿದೆ. ಆಕೆಯ ಕೈ ಗಾಳಿಯಲ್ಲೇ ನಿಂತಿತು. ನೆನಪಾಯಿತು ಆಕೆಗೆ, ತಾನು ಯಾರ ಜೊತೆ ಇದ್ದೇನೆಂದು. ನಕ್ಕು, ನಮ್ಮ ಮನೆಯ ಸನ್ನೆಯಲ್ಲಿ ನಿಧಾನವಾಗಿ, ಬಾಯಿಗೆ ಐದು ಬೆರಳು ತಂದು, 'ಹಸಿವೆಯಾಯಿತೆ?' ಎಂದು ಕೇಳಿದಳು. ಆಕೆ ಮೊದಲು ಹೇಳಿದ್ದು ಖಂಡಿತ ಅದಲ್ಲ.

ಲೆಕ್ಕದ ಮನುಷ್ಯ ನಾನು. ನಮ್ಮ ಮನೆಯಲ್ಲಿ ಆಕೆಯ ಜೊತೆ ಮಾತಾಡಲು ಎಷ್ಟು ಸನ್ನೆಗಳಿವೆ ಎಂದು ಎಣಿಸಿದೆ. ಊಟ, ನೀರು, ಮೂಗುತಿ ಮುಟ್ಟಿದರೆ ಅವ್ವ, ತಲೆಗೆ ರುಮಾಲು ಸುತ್ತಿದರೆ ಕಾಕಾ, ಕರೆಂಟು ಹೋಯಿತು, ಬಾಗಿಲು ಹಾಕು, ಬೇಗ, ಸಾಕು. ಎಷ್ಟು ಜಗ್ಗಿದರೂ ಮೂವತ್ತೊಂದಕ್ಕಿಂತ ಹೆಚ್ಚಾಗಲಿಲ್ಲ. ಅದರಲ್ಲಿ ಒಂದೂ ಆಕೆಯ ಶಾಲೆಯದಲ್ಲ; ನಮ್ಮ ಅನುಕೂಲಕ್ಕೆ ನಾವೇ ಮಾಡಿಕೊಂಡವು. ಹತ್ತೊಂಬತ್ತು ವರ್ಷ ಆ ಮೂವತ್ತೊಂದರಲ್ಲೇ ಆಕೆ ನಮ್ಮ ಜೊತೆ ಕಾಲ ಕಳೆದಿದ್ದಳು, ನಮಗೆ ತಿಳಿಯುವಷ್ಟು ನಿಧಾನವಾಗಿ. ಅಂಥವಳ ಇಪ್ಪತ್ತು ನಿಮಿಷಕ್ಕೆ ನಾನು ಲೈಟು ಆರಿಸಿ ಹೊತ್ತಿಸಿ ಎಬ್ಬಿಸುತ್ತಿದ್ದೆ. ಹಸಿವೆಯಿಲ್ಲ ಎಂದು ತಲೆ ಅಲ್ಲಾಡಿಸಿದೆ.

ಟಿಕೀಟಿನ ಹಿಂದೆ ಬರೆದೆ: "ತಪ್ಪಾಯಿತು. ಇದನ್ನು ನಿಮ್ಮ ಮಾತಿನಲ್ಲಿ ಹೇಗೆ ಹೇಳುವುದು?"

ಆಕೆ ಓದಿ, ಟಿಕೀಟನ್ನು ನನ್ನ ಜೇಬಿಗೆ ಹಾಕಿದಳು. ಆಮೇಲೆ ತಿರುಗಿ ಎದೆಯ ಹತ್ತಿರ ಕೈ ತಂದು ಒಂದು ಸಣ್ಣ ಚಲನೆ ಮಾಡಿ ತೋರಿಸಿದಳು. ನಾನು ಮಾಡಿದೆ. ಆಕೆ ಹುಬ್ಬು ಗಂಟಿಕ್ಕಿ, ನನ್ನ ಕೈ ಹಿಡಿದು, ಹೆಬ್ಬೆರಳನ್ನು ಒಳಗೆ ಮಡಚಿದಳು. ಮತ್ತೆ ಮಾಡಿದೆ. ಮಣಿಕಟ್ಟು ಸರಿಯಿಲ್ಲವೆಂದು ತಿದ್ದಿದಳು. ಮತ್ತೆ ಮಾಡಿದೆ. ಮುಖದಲ್ಲೂ ಇರಬೇಕು ಎಂದು ನನ್ನ ಕೆನ್ನೆ ತಟ್ಟಿ ತೋರಿಸಿದಳು. ಎದುರು ಸೀಟಿನ ಹೆಂಗಸು ಅಡಿಕೆ ಅಗಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ದೇಸೂರು ದಾಟಿತು. ಒಂದು ತಪ್ಪನ್ನೂ ಬಿಡುವವಳಲ್ಲ ಆಕೆ; ಸರಿಯಾಗಿ ಬರುವವರೆಗೂ ಹೇಳಿಸಿದಳು.